ದೇಶಾಂತರ ಹೋದ ಕ್ಯೂಬಾದ ರಾಜಕಾರಣಿಯ ಬದುಕನ್ನು ಕನ್ನಡದಲ್ಲಿ ಬರೆಯುವ ಬಗೆ

ಕ್ಯೂಬಾ ಎಂದೊಡನೆ ನಮ್ಮ ಓದುಗರ ಕಣ್ಣಿಗೆ ಬರುವುದು ಫಿಡೆಲ್ ಕ್ಯಾಸ್ಟ್ರೋ ಮತ್ತು ಚೆ ಗೆವಾರ. 1959ರಲ್ಲಿ ಚೆ ದೆಹಲಿಗೆ ಬಂದು ನೆಹರೂ ಅವರನ್ನು ಕಂಡದ್ದು, 1983ರ ಅಲಿಪ್ತ ರಾಷ್ಟ್ರಗಳ ಸಮಾವೇಶದಲ್ಲಿ ಕ್ಯಾಸ್ಟ್ರೋ ಇಂದಿರಾ ಗಾಂಧಿಯವರನ್ನು ವೇದಿಕೆಯ ಮೇಲೆಯೇ ತಬ್ಬಿಕೊಂಡದ್ದು ಹಿರಿಯರ ನೆನಪಿನಲ್ಲಿ ಇನ್ನೂ ಹಸಿರಾಗಿವೆ. ಆ ದ್ವೀಪವನ್ನು ಆಳಿ, ಅದನ್ನು ಕಳೆದುಕೊಂಡು, ಬೇರೆ ನೆಲದಲ್ಲಿ ಕಣ್ಣು ಮುಚ್ಚಿದವರ ಬಗ್ಗೆ ಮಾತ್ರ ಕನ್ನಡದಲ್ಲಿ ಓದಲು ನನಗೆ ಹೆಚ್ಚೇನೂ ಸಿಗಲಿಲ್ಲ. ಹಾಗಾಗಿ ಬಸವನಗುಡಿಯ ಮನೆಯಲ್ಲಿ ಕುಳಿತು ಎರಡು ವರ್ಷಗಳ ಕಾಲ 1948ರಿಂದ 1952ರವರೆಗೆ ಕ್ಯೂಬಾದ ಅಧ್ಯಕ್ಷರಾಗಿದ್ದ ಕಾರ್ಲೋಸ್ ಪ್ರೀಯೊ ಸೊಕಾರ್ರಾಸ್ ಅವರ ಜೀವನಚಿತ್ರವನ್ನು ಬರೆದೆ. ಆ ಕೆಲಸದಲ್ಲಿ ನಾನು ಕಲಿತದ್ದನ್ನು, ಇಂಥದೇ ಒಂದು ಬದುಕನ್ನು ಕನ್ನಡಕ್ಕೆ ತರಬೇಕೆಂದಿರುವವರಿಗಾಗಿ ಇಲ್ಲಿ ವಿವರಿಸುತ್ತಿದ್ದೇನೆ.

ಯಾರನ್ನು ಆರಿಸಿಕೊಳ್ಳಬೇಕು

ದೇಶಾಂತರ ಹೋದ ಕ್ಯೂಬಾದ ರಾಜಕಾರಣಿಗಳ ಸಾಲು ಉದ್ದವಾಗಿದೆ. ಸ್ಪೇನಿನ ಆಳ್ವಿಕೆಯ ಕಾಲದಲ್ಲಿ ನ್ಯೂಯಾರ್ಕಿನಲ್ಲಿದ್ದುಕೊಂಡೇ 1892ರಲ್ಲಿ ಕ್ಯೂಬಾ ಕ್ರಾಂತಿಕಾರಿ ಪಕ್ಷವನ್ನು ಕಟ್ಟಿದ ಹೊಸೆ ಮಾರ್ತಿ ಇದ್ದಾರೆ. 1933ರ ಆಗಸ್ಟ್ 12ರಂದು ವಿಮಾನವೇರಿ ಬಹಾಮಾಸ್‌ನ ನಸಾವಿಗೆ ಪಲಾಯನ ಮಾಡಿದ ಸರ್ವಾಧಿಕಾರಿ ಹೆರಾರ್ದೊ ಮಾಚಾದೊ ಇದ್ದಾರೆ. 1959ರ ಹೊಸ ವರ್ಷದ ನಸುಕಿನಲ್ಲಿ, ಕ್ಯಾಸ್ಟ್ರೋ ನೇತೃತ್ವದ ಕ್ರಾಂತಿಗೆ ಸೋತು ದೇಶ ಬಿಟ್ಟು, ಡೊಮಿನಿಕನ್ ಗಣರಾಜ್ಯ, ಮದೇರಾ ದ್ವೀಪ ಮತ್ತು ಪೋರ್ಚುಗಲ್‌ಗಳಲ್ಲಿ ನೆಲೆಸಿ, 1973ರಲ್ಲಿ ಸ್ಪೇನಿನಲ್ಲಿ ತೀರಿಕೊಂಡ ಫುಲ್ಹೆನ್ಸಿಯೊ ಬತಿಸ್ತಾ ಇದ್ದಾರೆ. ಕ್ರಾಂತಿಯ ಮೊದಲ ಅಧ್ಯಕ್ಷರಾಗಿ ಆರೇಳು ತಿಂಗಳಲ್ಲೇ ಪದವಿ ಬಿಡಬೇಕಾಗಿ ಬಂದು, 1981ರಲ್ಲಿ ನ್ಯೂಯಾರ್ಕಿನಲ್ಲಿ ನಿಧನರಾದ ಮನುಯೆಲ್ ಉರ್ರುತಿಯಾ, ಕ್ರಾಂತಿಯ ಮೊದಲ ಪ್ರಧಾನಿಯಾಗಿದ್ದು ಎರಡೇ ವರ್ಷಗಳಲ್ಲಿ ಕ್ಯಾಸ್ಟ್ರೋ ವಿರೋಧಿ ಮಂಡಳಿಯ ಮುಖ್ಯಸ್ಥರಾದ ಹೊಸೆ ಮಿರೊ ಕಾರ್ದೋನಾ ಇದ್ದಾರೆ.

ಇವರಲ್ಲಿ ಯಾರನ್ನಾದರೂ ಆರಿಸಿಕೊಳ್ಳಬಹುದು. ಆದರೆ ಮೊದಲ ಬಾರಿಗೆ ಬರೆಯುವವರು ವೀರನೆಂದಾಗಲಿ ಖಳನೆಂದಾಗಲಿ ಈಗಾಗಲೇ ಹೆಸರಾದವರ ತಂಟೆಗೆ ಹೋಗದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮಾರ್ತಿಯವರನ್ನು ಬರೆಯಲು ಹೊರಟರೆ ಲೇಖನಿ ಸ್ತುತಿಗೆ ಎಳೆಯುತ್ತದೆ, ಬತಿಸ್ತಾ ಅವರನ್ನು ಬರೆಯಲು ಹೊರಟರೆ ಆರೋಪಪಟ್ಟಿಗೆ ಎಳೆಯುತ್ತದೆ. ಪ್ರೀಯೊ ಈ ಎರಡರ ನಡುವಿನವರು: ಜನರ ಮತದಿಂದ ಅಧಿಕಾರಕ್ಕೆ ಬಂದವರು, ಭ್ರಷ್ಟಾಚಾರದ ಆರೋಪಗಳನ್ನು ಹೊತ್ತವರು, ಬಂದೂಕಿನ ಬಲದಿಂದ ಕೆಳಗಿಳಿಸಲ್ಪಟ್ಟವರು, ಆಮೇಲೆ ಬಂದೂಕಿಗೇ ಹಣ ಕೊಟ್ಟವರು. ಇಂಥ ಬದುಕು ತೀರ್ಪನ್ನು ಮುಂದೂಡುವುದನ್ನು ಬರೆಯುವವರಿಗೆ ಕಲಿಸುತ್ತದೆ. ಮುಂದಿನ ವಿವರಣೆಗೆಲ್ಲ ಅವರನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಮೊದಲು ನಿರ್ಗಮನಗಳ ಪಟ್ಟಿ

ಜೀವನಚಿತ್ರ ಬರೆಯುವವರು ಸಾಮಾನ್ಯವಾಗಿ ಹುಟ್ಟಿದ ಊರಿನಿಂದ ಆರಂಭಿಸಿ ಟಿಪ್ಪಣಿ ಮಾಡಿಕೊಳ್ಳುತ್ತಾರೆ. ದೇಶಾಂತರಿಯ ವಿಷಯದಲ್ಲಿ ಆ ಕ್ರಮ ದಾರಿ ತಪ್ಪಿಸುತ್ತದೆ. ಒಂದು ದೊಡ್ಡ ಹಾಳೆಯ ಮೇಲೆ ಮೊದಲು ಅವರು ದೇಶ ಬಿಟ್ಟ ದಿನಗಳನ್ನೂ ಮರಳಿದ ದಿನಗಳನ್ನೂ ಬರೆದುಕೊಳ್ಳಿ, ಮತ್ತು ಪ್ರತಿಯೊಂದರ ಎದುರಿಗೆ ಮೂರು ಪ್ರಶ್ನೆಗಳಿಗೆ ಉತ್ತರ ತುಂಬಿಸಿ: ಹೋಗೆಂದವರು ಯಾರು, ದಾರಿ ಮಾಡಿಕೊಟ್ಟವರು ಯಾರು, ಹಿಂದೆ ಉಳಿದವರು ಯಾರು. ಈ ಪಟ್ಟಿ ತಯಾರಾದ ಮೇಲೆಯೇ ಉಳಿದ ಓದು.

ಪ್ರೀಯೊ ಅವರ ಪಟ್ಟಿಯಲ್ಲಿ ಮೂರು ನಿರ್ಗಮನಗಳಿವೆ. ಮೊದಲನೆಯದು 1952ರ ಮಾರ್ಚ್. ಜೂನ್ 1ಕ್ಕೆ ಚುನಾವಣೆ ಗೊತ್ತಾಗಿತ್ತು; ಸ್ವತಃ ಬತಿಸ್ತಾ ಒಬ್ಬ ಅಭ್ಯರ್ಥಿಯಾಗಿದ್ದರು. ಮಾರ್ಚ್ 10ರ ನಸುಕಿನಲ್ಲಿ ಬತಿಸ್ತಾ ಹವಾನಾದ ಕೊಲುಂಬಿಯಾ ಸೇನಾ ಶಿಬಿರವನ್ನು ಪ್ರವೇಶಿಸಿ ಸೈನ್ಯವನ್ನು ಕೈಗೆ ತೆಗೆದುಕೊಂಡರು. ನಿಷ್ಠ ಪಡೆಗಳನ್ನು ಹುಡುಕಿಕೊಂಡು ರಾಜಧಾನಿಯಿಂದ ಮತಾನ್ಸಾಸ್ ಕಡೆಗೆ ಹೊರಟ ಪ್ರೀಯೊ ಅವರಿಗೆ ಅಲ್ಲಿಯ ಸೈನ್ಯವೂ ಕೈತಪ್ಪಿದ್ದು ತಿಳಿಯಿತು. ಕೊನೆಗೆ ಮೆಕ್ಸಿಕೊ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದು, ಕೆಲವೇ ದಿನಗಳಲ್ಲಿ ಮೆಕ್ಸಿಕೊಗೆ ಹೊರಟರು. ಇಲ್ಲಿ ಇನ್ನೊಂದು ಸಂಗತಿಯನ್ನು ಬಿಡಬಾರದು. 1944ರಲ್ಲಿ ಅಧಿಕಾರದಿಂದ ಇಳಿದ ಮೇಲೆ ಫ್ಲಾರಿಡಾದಲ್ಲಿ ನೆಲೆಸಿದ್ದ ಬತಿಸ್ತಾ ಕ್ಯೂಬಾಗೆ ಮರಳಿದ್ದು 1948ರ ನವೆಂಬರ್‌ನಲ್ಲಿ, ಪ್ರೀಯೊ ಅಧ್ಯಕ್ಷರಾಗಿದ್ದಾಗಲೇ.

ಎರಡನೆಯದು 1956ರ ಮೇ. ಬತಿಸ್ತಾ ಸರ್ಕಾರ 1955ರಲ್ಲಿ ಸಾರ್ವತ್ರಿಕ ಕ್ಷಮಾದಾನ ಘೋಷಿಸಿದ ಬಳಿಕ ಪ್ರೀಯೊ ಆ ವರ್ಷದ ಆಗಸ್ಟ್‌ನಲ್ಲಿ ತಾಯ್ನಾಡಿಗೆ ಮರಳಿದ್ದರು. 1956ರ ಏಪ್ರಿಲ್ 29ರಂದು ಮತಾನ್ಸಾಸ್‌ನ ಗೊಯ್ಕುರಿಯಾ ಸೇನಾ ವಸತಿಯ ಮೇಲೆ ಅವರ ಪಕ್ಷದ ಕಡೆಯವರಿಂದ ದಾಳಿ ನಡೆಯಿತು. ಅದಾದ ಕೆಲವೇ ದಿನಗಳಲ್ಲಿ ಸರ್ಕಾರ ಅವರನ್ನು ಮಯಾಮಿಯ ವಿಮಾನ ಹತ್ತಿಸಿತು. ಮೂರನೆಯದು 1961ರ ಆರಂಭ: 1959ರ ಕ್ರಾಂತಿಯ ಬಳಿಕ ಸಂತೋಷದಿಂದಲೇ ಮರಳಿದ್ದವರು, ಎರಡು ವರ್ಷಗಳ ನಂತರ ತಾವಾಗಿ ಹೊರಟರು. ಆಮೇಲೆ ಮರಳಲಿಲ್ಲ.

ಒಂದೊಂದು ನಿರ್ಗಮನಕ್ಕೆ ಒಂದೊಂದು ಮಾತು

ಈ ಮಾರ್ಗದರ್ಶಿಯಲ್ಲಿ ನಾನು ಅತ್ಯಂತ ಒತ್ತಿ ಹೇಳಬೇಕಾದ ವಿಷಯ ಇದು. ಇಂಗ್ಲಿಷಿನವರು ಈ ಮೂರಕ್ಕೂ ‘ಎಕ್ಸೈಲ್’ ಎಂಬ ಒಂದೇ ಶಬ್ದ ಬಳಸಿ ಮುಂದೆ ಹೋಗುತ್ತಾರೆ. ನಮ್ಮ ಭಾಷೆಯಲ್ಲಿ ಹಾಗೆ ಮಾಡಿದರೆ ಸುಳ್ಳಾಗುತ್ತದೆ, ಏಕೆಂದರೆ ಕನ್ನಡದ ಪ್ರತಿಯೊಂದು ಮಾತಿನಲ್ಲೂ ಒಬ್ಬ ಕರ್ತೃ ಅಡಗಿದ್ದಾನೆ.

‘ಗಡಿಪಾರು’ ಎಂದರೆ ಆಳುವವರ ಆದೇಶ ಇರಬೇಕು. ಬೆಂಗಳೂರಿನ ಪೊಲೀಸರು ರೌಡಿಗಳನ್ನು ಗಡಿಪಾರು ಮಾಡಿದ ಸುದ್ದಿಯನ್ನು ಓದುವ ನಮಗೆ ಅದು ಗೊತ್ತೇ ಇದೆ. ‘ದೇಶಭ್ರಷ್ಟ’ ಎಂಬುದರಲ್ಲಿ ಕಳಂಕದ ಛಾಯೆ ಇದೆ; ಹಳೆಯ ಕಥೆಗಳಲ್ಲಿ ಅದು ಶಿಕ್ಷೆಗೊಳಗಾದವನ ವಿಶೇಷಣ. ‘ವನವಾಸ’ಕ್ಕೆ ಅವಧಿ ಇದೆ, ಅವಧಿ ಮುಗಿದ ಮೇಲೆ ಪಟ್ಟಾಭಿಷೇಕವೂ ಇದೆ. ‘ಅಜ್ಞಾತವಾಸ’ದಲ್ಲಿ ಗುರುತು ಮರೆಸಿಕೊಳ್ಳುವ ಷರತ್ತು ಇದೆ, ತಾವೇ ನಿಜವಾದ ಅಧ್ಯಕ್ಷರೆಂದು ಸಾರುತ್ತಿದ್ದವರಿಗೆ ಅದು ಒಪ್ಪುವುದಿಲ್ಲ. ‘ನಿರಾಶ್ರಿತ’ ಎಂದೊಡನೆ ನಮ್ಮ ಓದುಗರಿಗೆ ಬೈಲುಕುಪ್ಪೆಯ ಟಿಬೆಟನ್ನರು ನೆನಪಾಗುತ್ತಾರೆ. ಅದರ ಭಾವ ಸರಿಯಾದುದೇ, ಆದರೆ ಮಯಾಮಿಯಲ್ಲಿ ಸ್ವಂತ ಹಣದಿಂದ ಬದುಕಿದ ಮಾಜಿ ಅಧ್ಯಕ್ಷರಿಗೂ, ಬರಿಗೈಯಲ್ಲಿ ಬಂದಿಳಿದು ನಿರಾಶ್ರಿತರ ಕೇಂದ್ರದ ಎದುರು ಸಾಲಿನಲ್ಲಿ ನಿಂತ ಸಾಮಾನ್ಯನಿಗೂ ಅದೇ ಪದವನ್ನು ಬಳಸಿದರೆ ಇಬ್ಬರಿಗೂ ಅನ್ಯಾಯ. ‘ದೇಶಾಂತರ ಹೋದರು’ ಎಂಬ ನಮ್ಮ ಹಳೆಯ ಮಾತಿನಲ್ಲಿ ಹೋದವನ ಇಚ್ಛೆಯೂ ಹೋಗಲೇಬೇಕಾದ ಒತ್ತಾಯವೂ ಬೆರೆತಿವೆ. ಒಟ್ಟು ಬದುಕನ್ನು ಕುರಿತು ಹೇಳುವಾಗ ನಾನು ಅದನ್ನೇ ನೆಚ್ಚಿಕೊಂಡೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ನನ್ನ ಮೊದಲ ಕಂತು ಒಂದು ಮಾಸಪತ್ರಿಕೆಯಲ್ಲಿ ಅಚ್ಚಾದಾಗ 1952ರ ಘಟನೆಗೆ ‘ಗಡಿಪಾರು’ ಎಂದು ಬರೆದಿದ್ದೆ. ಮಲ್ಲೇಶ್ವರದಿಂದ ನಿವೃತ್ತ ಶಿರಸ್ತೇದಾರರೊಬ್ಬರು ಅಂಚೆ ಕಾರ್ಡು ಬರೆದು, ಆದೇಶವಿಲ್ಲದೆ ಗಡಿಪಾರು ಹೇಗಾಯಿತು, ಆದೇಶ ಹೊರಡಿಸಿದ ಅಧಿಕಾರಿ ಯಾರು, ಅದರ ದಿನಾಂಕ ಯಾವುದು ಎಂದು ಕೇಳಿದ್ದರು. ನನ್ನ ಬಳಿ ಉತ್ತರವಿರಲಿಲ್ಲ. ಮತ್ತೆ ಮೂಲಗಳನ್ನು ತೆಗೆದು ನೋಡಿದಾಗಲೇ ಮೂರು ನಿರ್ಗಮನಗಳ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು. 1952ರಲ್ಲಿ ಅವರು ಪದಚ್ಯುತರಾಗಿ ಆಶ್ರಯ ಪಡೆದು ಹೊರಟರು. 1956ರಲ್ಲಿ ನಿಜವಾಗಿಯೂ ಗಡಿಪಾರಾದರು. 1961ರಲ್ಲಿ ದೇಶ ತೊರೆದರು. ಮುಂದಿನ ಕಂತಿನಲ್ಲಿ ತಿದ್ದುಪಡಿ ಪ್ರಕಟಿಸಿದೆ. ಆ ಕಾರ್ಡನ್ನು ಈಗಲೂ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಇಂಥದೇ ಎಚ್ಚರ ‘ಕ್ಷಿಪ್ರಕ್ರಾಂತಿ’ ಎಂಬ ಪದದ ಬಗ್ಗೆಯೂ ಬೇಕು. ನಮ್ಮ ಪತ್ರಿಕೆಗಳು ಸೈನ್ಯ ಅಧಿಕಾರ ಕಸಿದುಕೊಂಡಾಗಲೆಲ್ಲ ಈ ಪದವನ್ನು ಬಳಸುತ್ತವೆ. ಕ್ಯೂಬಾದ ಕಥೆಯಲ್ಲಿ ಏಳು ವರ್ಷಗಳ ಅಂತರದಲ್ಲಿ 1952ರ ಘಟನೆಯೂ 1959ರ ಘಟನೆಯೂ ಬರುವುದರಿಂದ, ಎರಡಕ್ಕೂ ‘ಕ್ರಾಂತಿ’ ಅಂಟಿಕೊಂಡರೆ ಓದುಗ ಗೊಂದಲಕ್ಕೀಡಾಗುತ್ತಾನೆ. ಬತಿಸ್ತಾ ತಮ್ಮ ಮಾರ್ಚ್ 10ರ ಕೃತ್ಯವನ್ನು ಕ್ರಾಂತಿಯೆಂದೇ ಕರೆದುಕೊಂಡಿದ್ದರು ಎಂಬುದನ್ನು ನೆನೆದರೆ, ನಾವು ಅರಿವಿಲ್ಲದೆ ಅವರ ಮಾತನ್ನೇ ಪುನರುಚ್ಚರಿಸಿದಂತಾಗುತ್ತದೆ. ನಾನು ಮೊದಲನೆಯದಕ್ಕೆ ‘ಸೇನಾದಂಗೆ’ ಎಂದೂ ಎರಡನೆಯದಕ್ಕೆ ಮಾತ್ರ ‘ಕ್ರಾಂತಿ’ ಎಂದೂ ಬರೆದೆ.

ಹೆಸರು ಮತ್ತು ಗೌರವ

ಸ್ಪ್ಯಾನಿಷ್ ಹೆಸರುಗಳನ್ನು ಬರೆಯುವುದರಲ್ಲಿ ಕನ್ನಡ ಲಿಪಿಗೆ ಒಂದು ಭಾಗ್ಯವಿದೆ. ಸ್ಪ್ಯಾನಿಷಿನ ತಕಾರ ದಕಾರಗಳು ನಾಲಗೆ ಹಲ್ಲಿಗೆ ತಾಗಿ ಹುಟ್ಟುವ ಧ್ವನಿಗಳು. ಇಂಗ್ಲಿಷಿನ ಮೂಲಕ ಬಂದಾಗ ನಾವು ಅವನ್ನು ಟಕಾರ ಡಕಾರ ಮಾಡಿಬಿಡುತ್ತೇವೆ. ‘ಬಟಿಸ್ಟಾ’ ಎಂಬುದಕ್ಕಿಂತ ‘ಬತಿಸ್ತಾ’, ‘ಮಚಾಡೊ’ ಎಂಬುದಕ್ಕಿಂತ ‘ಮಾಚಾದೊ’ ಹವಾನಾದವರ ಉಚ್ಚಾರಣೆಗೆ ಹತ್ತಿರ. ‘ಜೋಸ್’ ಎಂದು ಬರೆಯುವ ಹೆಸರು ‘ಹೊಸೆ’ ಎಂದಾಗಬೇಕು. ಆದರೆ ಈಗಾಗಲೇ ಕನ್ನಡದಲ್ಲಿ ನೆಲೆಯೂರಿದ ಕ್ಯಾಸ್ಟ್ರೋ, ಹವಾನಾ ಮುಂತಾದವನ್ನು ಕೆದಕಬೇಡಿ. ಓದುಗನಿಗೆ ಗೊತ್ತಿರುವ ಬಾಗಿಲನ್ನು ಮುಚ್ಚಿ ಹೊಸ ಬಾಗಿಲು ತೋರಿಸುವುದರಿಂದ ಪ್ರಯೋಜನವಿಲ್ಲ. ಪ್ರೀಯೊ ಎಂಬ ಹೆಸರು ಅಚ್ಚಿನಲ್ಲಿ ‘ಪ್ರಿಯ’ ಆಗಿಬಿಡುವ ಸಾಧ್ಯತೆ ಬಹಳವಾದ್ದರಿಂದ ಕರಡು ತಿದ್ದುವಾಗ ಅದೊಂದನ್ನೇ ಹುಡುಕಿ ನೋಡಿ.

ಅವರಲ್ಲಿ ವ್ಯಕ್ತಿನಾಮ ಮೊದಲು, ಆಮೇಲೆ ತಂದೆಯ ಮನೆತನದ ಹೆಸರು, ಕೊನೆಯಲ್ಲಿ ತಾಯಿಯ ಮನೆತನದ ಹೆಸರು. ಹೀಗಾಗಿ ಕಾರ್ಲೋಸ್ ಪ್ರೀಯೊ ಸೊಕಾರ್ರಾಸ್ ಅವರನ್ನು ಚಿಕ್ಕದಾಗಿ ಕರೆಯಬೇಕಾದರೆ ‘ಪ್ರೀಯೊ’ ಎನ್ನಬೇಕೇ ಹೊರತು ‘ಸೊಕಾರ್ರಾಸ್’ ಎನ್ನಬಾರದು. ಊರಿನ ಮತ್ತು ತಂದೆಯ ಮೊದಲಕ್ಷರಗಳನ್ನು ಮುಂದಿಟ್ಟು ಕೊನೆಯಲ್ಲಿ ವ್ಯಕ್ತಿನಾಮ ಹೇಳುವ ಹಳೆಯ ಮೈಸೂರಿನ ಪದ್ಧತಿಗೆ ಒಗ್ಗಿದ ಕಣ್ಣು ಕೊನೆಯ ಪದವನ್ನೇ ಹಿಡಿದುಕೊಳ್ಳುವುದು ಸಹಜ.

ಇದಕ್ಕಿಂತ ಕಠಿಣವಾದದ್ದು ಅವನು, ಅವರು ಎಂಬ ಆಯ್ಕೆ. ಇಂಗ್ಲಿಷಿನಲ್ಲಾಗಲಿ ಸ್ಪ್ಯಾನಿಷಿನಲ್ಲಾಗಲಿ ಮೂರನೆಯವರ ಬಗ್ಗೆ ಹೇಳುವಾಗ ಲೇಖಕನಿಗೆ ಇಲ್ಲದ ಜವಾಬ್ದಾರಿಯೊಂದು ನಮಗೆ ಇದೆ. ನನ್ನ ಮೊದಲ ಕರಡಿನಲ್ಲಿ ‘ಪ್ರೀಯೊ ಹೊರಟರು’, ‘ಬತಿಸ್ತಾ ಓಡಿಹೋದ’ ಎಂದು ಬರೆದಿದ್ದೆ. ಎರಡೂ ಕ್ರಿಯೆಗಳು ಒಂದೇ. ಕ್ರಿಯಾಪದದ ತುದಿಯಲ್ಲಿಯೇ ನಾನು ತೀರ್ಪು ಬರೆದಿಟ್ಟಿದ್ದೆ. ಯಾವುದನ್ನು ಆರಿಸಿಕೊಂಡರೂ ಎಲ್ಲರಿಗೂ ಅದನ್ನೇ ಅನ್ವಯಿಸಬೇಕೆಂಬುದು ಈಗ ನನ್ನ ನಿಯಮ. ನಾನು ಎಲ್ಲರಿಗೂ ಬಹುವಚನವನ್ನೇ ಬಳಸಿದೆ. ಬತಿಸ್ತಾ ಅವರ ಆಡಳಿತದ ಹಿಂಸೆಯನ್ನು ಘಟನೆಗಳ ವಿವರದಲ್ಲಿ ಹೇಳಿದರೆ ಸಾಕು, ಏಕವಚನದ ಸಹಾಯ ಅದಕ್ಕೆ ಬೇಕಾಗಲಿಲ್ಲ.

ಬೆಂಗಳೂರಿನಲ್ಲಿ ಕುಳಿತು ಆಕರಗಳನ್ನು ಹುಡುಕುವುದು

ಮಯಾಮಿಗಾಗಲಿ ಹವಾನಾಗಾಗಲಿ ಹೋಗದೆಯೇ ಈ ಕೆಲಸದ ಬಹುಪಾಲನ್ನು ಮುಗಿಸಬಹುದು. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ, ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆ ಮತ್ತು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗಳ ಗ್ರಂಥಾಲಯಗಳಲ್ಲಿ ಲ್ಯಾಟಿನ್ ಅಮೆರಿಕದ ಇತಿಹಾಸದ ಕಪಾಟನ್ನು ಮೊದಲು ನೋಡಿ. ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ತಾಳ್ಮೆಯಿಂದ ಹುಡುಕಿದರೆ 1960ರ ದಶಕದ ಕ್ಯೂಬಾ ಪುಸ್ತಕಗಳು ಸಿಗುವುದುಂಟು.

ಅಂತರ್ಜಾಲದಲ್ಲಿ ಮೂರು ಕಡೆ ಮುಖ್ಯ. ಅಮೆರಿಕದ ವಿದೇಶಾಂಗ ಇಲಾಖೆಯ ಇತಿಹಾಸ ವಿಭಾಗ ತನ್ನ ಹಳೆಯ ರಾಜತಾಂತ್ರಿಕ ದಾಖಲೆಗಳ ಸಂಪುಟಗಳನ್ನು ಉಚಿತವಾಗಿ ಓದಲು ಇಟ್ಟಿದೆ. ಅವುಗಳಲ್ಲಿ 1958ರಿಂದ 1960ರವರೆಗಿನ ಅವಧಿಯ ಒಂದು ಇಡೀ ಸಂಪುಟ ಕ್ಯೂಬಾಗೇ ಮೀಸಲು. ಮಯಾಮಿ ವಿಶ್ವವಿದ್ಯಾಲಯದಲ್ಲಿ ಕ್ಯೂಬಾದ ಪರಂಪರೆಗೆಂದೇ ಒಂದು ಸಂಗ್ರಹವಿದ್ದು, ದೇಶಾಂತರಿಗಳ ಪತ್ರಗಳು ಮತ್ತು ಛಾಯಾಚಿತ್ರಗಳಲ್ಲಿ ಕೆಲವನ್ನು ಅಂತರ್ಜಾಲದಲ್ಲೇ ನೋಡಬಹುದು. ಫ್ಲಾರಿಡಾ ವಿಶ್ವವಿದ್ಯಾಲಯದ ಕೆರಿಬಿಯನ್ ಡಿಜಿಟಲ್ ಗ್ರಂಥಾಲಯದಲ್ಲಿ, 1960ರಲ್ಲಿ ಹವಾನಾದಲ್ಲಿ ಮುಚ್ಚಿಹೋದ ‘ದಿಯಾರಿಯೊ ದೆ ಲಾ ಮರೀನಾ’ ದಿನಪತ್ರಿಕೆಯ ಹಳೆಯ ಸಂಚಿಕೆಗಳಿವೆ. ಸ್ಪ್ಯಾನಿಷ್ ಬಾರದವರು ಹೆದರಬೇಕಾಗಿಲ್ಲ, ಆದರೆ ಯಂತ್ರಾನುವಾದವನ್ನು ಪೂರ್ತಿ ನಂಬುವುದೂ ಬೇಡ. ನಗರದಲ್ಲಿ ಸ್ಪ್ಯಾನಿಷ್ ತರಗತಿಗಳು ಸಾಕಷ್ಟಿವೆ. ಆರು ತಿಂಗಳು ಕಲಿತರೆ ಪತ್ರಿಕೆಯ ಶೀರ್ಷಿಕೆ, ದಿನಾಂಕ ಮತ್ತು ಯಾರು ಯಾರಿಗೆ ಏನು ಮಾಡಿದರೆಂಬ ವಾಕ್ಯವನ್ನು ಸ್ವತಃ ಪರಿಶೀಲಿಸುವಷ್ಟು ಭಾಷೆ ಬರುತ್ತದೆ. ನನಗೆ ಅಷ್ಟೇ ಬಂದದ್ದು, ಮತ್ತು ಅಷ್ಟರಿಂದಲೇ ಎರಡು ದೊಡ್ಡ ತಪ್ಪುಗಳಿಂದ ಪಾರಾದೆ.

ಆಕರ ಸಿಕ್ಕ ಮೇಲೆ ಅದು ಯಾವ ಊರಿನಲ್ಲಿ ಹುಟ್ಟಿತೆಂದು ಅಂಚಿನಲ್ಲಿ ಬರೆದುಕೊಳ್ಳಿ. ಹವಾನಾದ್ದು, ಮಯಾಮಿಯದು, ವಾಷಿಂಗ್ಟನ್ನಿನದು ಎಂದು ಮೂರು ಬಣ್ಣದ ಪೆನ್ಸಿಲ್‌ಗಳಿಂದ ಗುರುತು ಮಾಡುವುದು ನನ್ನ ರೂಢಿ. 1959ರ ನಂತರದ ಹವಾನಾ ಪತ್ರಿಕೆಗಳಲ್ಲಿ ದೇಶ ಬಿಟ್ಟವರು ‘ಗುಸಾನೊ’, ಅಂದರೆ ಹುಳುಗಳು. ಮಯಾಮಿಯ ಪತ್ರಿಕೆಗಳಲ್ಲಿ ಅವರು ದೇಶಭಕ್ತರು. ವಾಷಿಂಗ್ಟನ್ನಿನ ಕಡತಗಳಲ್ಲಿ ಅವರು ಒಂದು ಸಮಸ್ಯೆ ಅಥವಾ ಒಂದು ಸಾಧನ. ಒಂದು ಪುಟದಲ್ಲಿ ಒಂದೇ ಬಣ್ಣ ತುಂಬಿದ್ದರೆ ಆ ಪುಟವನ್ನು ಇನ್ನೂ ಬರೆಯಬಾರದೆಂದು ಅರ್ಥ.

ದೇಶಾಂತರಿ ನಾಯಕನ ಹೆಸರಿನಲ್ಲಿ ಬಂದ ಹೇಳಿಕೆ ಅವರದೇ ಎಂದೂ ತಟ್ಟನೆ ನಂಬಬಾರದು. ಮಿರೊ ಕಾರ್ದೋನಾ ಅವರ ಪ್ರಸಂಗ ಇದಕ್ಕೆ ಸಾಕ್ಷಿ. 1961ರ ಏಪ್ರಿಲ್ 17ರಂದು ಕ್ಯಾಸ್ಟ್ರೋ ಸರ್ಕಾರವನ್ನು ಉರುಳಿಸಲು ಸುಮಾರು 1,400 ದೇಶಾಂತರಿಗಳ ಪಡೆ ಕ್ಯೂಬಾದ ಪಿಗ್ಸ್ ಕೊಲ್ಲಿಯಲ್ಲಿ ಇಳಿದಾಗ, ಅದರ ರಾಜಕೀಯ ನಾಯಕತ್ವ ವಹಿಸಬೇಕಿದ್ದ ಮಂಡಳಿಯ ಸದಸ್ಯರನ್ನು ಮಯಾಮಿ ಬಳಿಯ ಓಪಾ-ಲಾಕಾ ವಿಮಾನ ನೆಲೆಯಲ್ಲಿ ಹೊರಜಗತ್ತಿನ ಸಂಪರ್ಕವಿಲ್ಲದಂತೆ ಇರಿಸಲಾಗಿತ್ತು. ಅದೇ ಹೊತ್ತಿಗೆ ಅವರ ಮಂಡಳಿಯ ಹೆಸರಿನಲ್ಲಿ ಯುದ್ಧದ ಪ್ರಕಟಣೆಗಳು ನ್ಯೂಯಾರ್ಕಿನಿಂದ ಹೊರಬೀಳುತ್ತಿದ್ದವು. ಅವುಗಳ ಹಿಂದೆ ಇದ್ದದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಮಿರೊ ಕಾರ್ದೋನಾ ಅವರ ಸ್ವಂತ ಮಗ ಆ ಪಡೆಯಲ್ಲಿದ್ದು ಸೆರೆಸಿಕ್ಕಿದ್ದ. ಆ ಪ್ರಕಟಣೆಗಳನ್ನು ‘ಮಿರೊ ಕಾರ್ದೋನಾ ಹೇಳಿದರು’ ಎಂದು ಬರೆದರೆ ಮಾತಾಡಲು ಬಿಡದೆ ಕೂಡಿಹಾಕಿದ್ದವರ ಬಾಯಿಗೆ ಎರಡನೆಯ ಬಾರಿ ಮಾತು ತುರುಕಿದಂತಾಗುತ್ತದೆ.

ಹಣ ಮತ್ತು ಆರೋಪ

ಪ್ರೀಯೊ ಅವರ ಆಡಳಿತದ ಬಗ್ಗೆ ಬರೆಯುವಾಗ ಎರಡು ಬದಿಯನ್ನೂ ಪೂರ್ತಿಯಾಗಿ ಇಡಬೇಕು. ಕ್ಯೂಬಾದ ರಾಷ್ಟ್ರೀಯ ಬ್ಯಾಂಕು 1950ರಲ್ಲಿ ಕೆಲಸ ಆರಂಭಿಸಿದ್ದು ಅವರ ಕಾಲದಲ್ಲಿ; ಸರ್ಕಾರದ ಲೆಕ್ಕಪತ್ರಗಳನ್ನು ಪರಿಶೀಲಿಸುವ ನ್ಯಾಯಮಂಡಳಿ ಸ್ಥಾಪನೆಯಾದದ್ದೂ ಆಗಲೇ. ಪತ್ರಿಕೆಗಳು ಅವರನ್ನು ಎಷ್ಟು ಟೀಕಿಸಿದರೂ ಸೌಜನ್ಯ ಬಿಡದ ಕಾರಣ ಅವರಿಗೆ ‘ಸ್ನೇಹಶೀಲ ಅಧ್ಯಕ್ಷ’ ಎಂಬ ಹೆಸರು ಬಂದಿತ್ತು. ಅದೇ ಕಾಲದಲ್ಲಿ ರಾಜಕೀಯ ಗೂಂಡಾ ಗುಂಪುಗಳು ಹವಾನಾದಲ್ಲಿ ಹೆಚ್ಚಿದವು, ಲಂಚದ ದೂರುಗಳು ಬೆಟ್ಟದಂತೆ ಬೆಳೆದವು. ಈ ದೂರುಗಳನ್ನು ಪ್ರತಿ ಭಾನುವಾರ ರೇಡಿಯೊದಲ್ಲಿ ಸಾರುತ್ತಿದ್ದ ವಿರೋಧ ಪಕ್ಷದ ನಾಯಕ ಎದ್ವಾರ್ದೊ ಚಿಬಾಸ್ 1951ರ ಆಗಸ್ಟ್‌ನಲ್ಲಿ, ಭಾಷಣದ ಬೆನ್ನಲ್ಲೇ ತಮಗೆ ತಾವೇ ಮಾಡಿಕೊಂಡ ಗಾಯದಿಂದ ತೀರಿಕೊಂಡರು. 1952ರ ಆರಂಭದಲ್ಲಿ ‘ಅಲೆರ್ತಾ’ ಪತ್ರಿಕೆಯಲ್ಲಿ ಪ್ರೀಯೊ ವಿರುದ್ಧ ಆಪಾದನೆಗಳನ್ನು ಪ್ರಕಟಿಸಿದ ಯುವ ವಕೀಲರ ಹೆಸರು ಫಿಡೆಲ್ ಕ್ಯಾಸ್ಟ್ರೋ.

ಅದೇ ಕ್ಯಾಸ್ಟ್ರೋ 1956ರಲ್ಲಿ ಮೆಕ್ಸಿಕೊದಿಂದ ಗಡಿ ದಾಟಿ ಟೆಕ್ಸಾಸಿನ ಮೆಕ್‌ಆಲನ್ ಎಂಬ ಊರಿಗೆ ಬಂದು ಪ್ರೀಯೊ ಅವರನ್ನು ಭೇಟಿಯಾದರು. ದಂಗೆಗೆ ಪ್ರೀಯೊ ಹಣ ಕೊಟ್ಟರು, ಮತ್ತು ಆ ವರ್ಷದ ನವೆಂಬರ್ 25ರಂದು ಕ್ಯಾಸ್ಟ್ರೋ ಸೇರಿ 82 ಜನರನ್ನು ಹೊತ್ತು ಮೆಕ್ಸಿಕೊದ ತೂಸ್ಪಾನ್‌ನಿಂದ ಕ್ಯೂಬಾದತ್ತ ಹೊರಟ ‘ಗ್ರಾನ್ಮಾ’ ದೋಣಿಗೆ ಅದು ನೆರವಾಯಿತು. ಕೊಟ್ಟ ಮೊತ್ತ 50,000 ಡಾಲರ್ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದಕ್ಕಿಂತ ಹೆಚ್ಚೆಂದು ಹೇಳುವವರೂ ಇದ್ದಾರೆ. ಗುಟ್ಟಾಗಿ ಕೈ ಬದಲಿಸಿದ ಹಣಕ್ಕೆ ರಸೀದಿ ಇರುವುದಿಲ್ಲವಾದ್ದರಿಂದ ‘ಎನ್ನಲಾಗುತ್ತದೆ’ ಎಂಬುದನ್ನು ಇಲ್ಲಿ ತೆಗೆಯಬೇಡಿ. ಓದುಗನಿಗೆ ಅಂದಾಜು ಸಿಗುವಂತೆ ಆ ಕಾಲದ ನಮ್ಮ ಹಣದಲ್ಲೂ ಹೇಳಿ: ಡಾಲರಿಗೆ ಸುಮಾರು 4 ರೂಪಾಯಿ 12 ಆಣೆ ಇದ್ದ ಕಾಲ ಅದು, ಹಾಗಾಗಿ 50,000 ಡಾಲರ್ ಎಂದರೆ 2 ಲಕ್ಷ 38 ಸಾವಿರ ರೂಪಾಯಿಗಳ ಆಸುಪಾಸು. ಇಂದಿನ ದರದಲ್ಲಿ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಕಾಲ ಮತ್ತು ದೂರವನ್ನು ನಮ್ಮ ಅಳತೆಯಲ್ಲಿ ಹೇಳುವುದು

ಪರದೇಶದ ದಿನಾಂಕಗಳು ಓದುಗನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅವಕ್ಕೆ ನಮ್ಮ ನೆಲದ ಗೂಟ ಬೇಕು. ಪ್ರೀಯೊ ಅಧ್ಯಕ್ಷರಾದದ್ದು 1948ರ ಅಕ್ಟೋಬರ್ 10ರಂದು. ಬೆಂಗಳೂರಿನಲ್ಲಿ ‘ಪ್ರಜಾವಾಣಿ’ ಆರಂಭವಾದದ್ದು ಅದೇ ತಿಂಗಳು. ಅವರು ಪದಚ್ಯುತರಾದ ಮಾರ್ಚ್ 1952ರಲ್ಲೇ, 30ನೆಯ ತಾರೀಕು, ಮೊದಲ ಮಹಾಚುನಾವಣೆಯ ಬಳಿಕ ಕೆಂಗಲ್ ಹನುಮಂತಯ್ಯನವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಇಲ್ಲಿ ಮತಪೆಟ್ಟಿಗೆಗಳು ಮೊದಲ ಬಾರಿಗೆ ತುಂಬಿದ್ದ ವರ್ಷದಲ್ಲೇ ಅಲ್ಲಿ ಅವು ತೆರೆಯುವ ಮೊದಲೇ ಒಡೆದುಹೋದವು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿದರೆ, ಓದುಗ ಅದನ್ನು ಮರೆಯುವುದಿಲ್ಲ. ಇಂಥ ಹೋಲಿಕೆ ಇಡೀ ಲೇಖನದಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ.

ದೂರದ ವಿಷಯವೂ ಹಾಗೆಯೇ. ಹವಾನಾದಿಂದ ಮಯಾಮಿಗೆ ಆಕಾಶಮಾರ್ಗದಲ್ಲಿ ಸುಮಾರು 370 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೆಚ್ಚುಕಡಿಮೆ ಇಷ್ಟೇ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮನೆಯ ಬಾಗಿಲು ತಟ್ಟಬಹುದಾದಷ್ಟು ಹತ್ತಿರದಲ್ಲಿದ್ದು, ಹದಿನಾರು ವರ್ಷ ಹೋಗಲಾಗದೆ ಇದ್ದದ್ದು ಈ ಬದುಕಿನ ಸಂಕಟ. ಅಳುವ ವಿಶೇಷಣಗಳ ಬದಲು ಈ ಅಂಕಿಯನ್ನು ಕೊಡಿ.

ನಮ್ಮ ಇತಿಹಾಸದಲ್ಲೇ ಹೋಲಿಕೆ ಬೇಕೆನಿಸಿದರೆ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರರು ಇದ್ದಾರೆ. 1834ರಲ್ಲಿ ಬ್ರಿಟಿಷರಿಂದ ಪದಚ್ಯುತರಾಗಿ ಕಾಶಿಗೆ ಕಳುಹಿಸಲ್ಪಟ್ಟು, 1852ರಲ್ಲಿ ತಮ್ಮ ಹಣಕ್ಕಾಗಿ ದಾವೆ ಹೂಡಲು ಲಂಡನ್ನಿಗೆ ಹೋಗಿ, 1859ರಲ್ಲಿ ಅಲ್ಲೇ ತೀರಿಕೊಂಡರು. ಅರಸ ಮತ್ತು ಚುನಾಯಿತ ಅಧ್ಯಕ್ಷ ಒಂದೇ ಅಲ್ಲವಾದರೂ, ಕಳೆದುಕೊಂಡ ಅಧಿಕಾರವನ್ನು ಕಾಗದಪತ್ರಗಳ ಮೂಲಕ ಬೆನ್ನಟ್ಟುವ ಆ ವರ್ಷಗಳು ಹೇಗಿರುತ್ತವೆಂದು ತಿಳಿಯಲು ನನಗೆ ಈ ಕಥೆ ನೆರವಾಯಿತು.

ಕಾಯುವ ವರ್ಷಗಳನ್ನು ಬರೆಯುವುದು

ಹೆಚ್ಚಿನ ಜೀವನಚಿತ್ರಗಳು ಇಲ್ಲಿಯೇ ಸೋಲುತ್ತವೆ. ಅಧಿಕಾರದ ಮೂರೂವರೆ ವರ್ಷಕ್ಕೆ ನೂರು ಪುಟ ಕೊಟ್ಟು, ದೇಶಾಂತರದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ‘ಮುಂದೆ ಅವರು ಮಯಾಮಿಯಲ್ಲಿ ನೆಲೆಸಿ 1977ರಲ್ಲಿ ನಿಧನರಾದರು’ ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತವೆ. ಅಧಿಕಾರವಿಲ್ಲದ ರಾಜಕಾರಣಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾನೆ ಎಂಬ ಪ್ರಶ್ನೆಯನ್ನು ಬಿಡದೆ ಕೇಳಿ.

ಮೊದಲ ಅವಧಿಯಲ್ಲಿ ಉತ್ತರ ಸುಲಭ. ಪ್ರೀಯೊ ದಂಗೆಗೆ ಹಣ ಮತ್ತು ಶಸ್ತ್ರ ಕೂಡಿಸುತ್ತಿದ್ದರು. ಅಮೆರಿಕದ ನೆಲದಿಂದ ಬೇರೆ ದೇಶದ ಮೇಲೆ ದಾಳಿ ಸಂಘಟಿಸುವುದನ್ನು ನಿಷೇಧಿಸುವ ತಾಟಸ್ಥ್ಯ ಕಾಯ್ದೆಯನ್ನು ಮುರಿದ ಆರೋಪಕ್ಕೂ ಒಳಗಾದರು. ಬತಿಸ್ತಾ ವಿರೋಧಿ ಗುಂಪುಗಳನ್ನು ಒಂದುಗೂಡಿಸಲು 1957ರಲ್ಲಿ ಮಯಾಮಿಯಲ್ಲಿ ಆದ ಒಪ್ಪಂದವನ್ನು ಕ್ಯಾಸ್ಟ್ರೋ ತಾವು ಗೆರಿಲ್ಲಾ ಹೋರಾಟ ನಡೆಸುತ್ತಿದ್ದ ಬೆಟ್ಟದ ಮೇಲಿನಿಂದಲೇ ತಿರಸ್ಕರಿಸಿದರು; 1958ರ ಜುಲೈನಲ್ಲಿ ಕರಾಕಸ್‌ನಲ್ಲಿ ಆದ ಒಪ್ಪಂದಕ್ಕೆ ಕ್ಯಾಸ್ಟ್ರೋ ಮತ್ತು ಪ್ರೀಯೊ ಇಬ್ಬರ ಸಹಿಯೂ ಬಿತ್ತು. 1961ರ ನಂತರದ ಅವಧಿ ಮಾತ್ರ ಬೇರೆ. ಆಸ್ತಿ ವ್ಯವಹಾರ, ಸಭೆಗಳು, ಐಕ್ಯದ ಪ್ರಯತ್ನಗಳು, ಒಡಕುಗಳು, ಮತ್ತೆ ಸಭೆಗಳು. ಇಲ್ಲಿ ವ್ಯಕ್ತಿಯ ಬಗ್ಗೆ ದಾಖಲೆ ತೆಳುವಾದಲ್ಲಿ ಊರಿನ ಬಗ್ಗೆ ಬರೆಯಬಹುದು. ಡೌನ್‌ಟೌನ್ ಮಯಾಮಿಯ ಎತ್ತರದ ಹಳದಿ ಕಟ್ಟಡವೊಂದು 1962ರಿಂದ 1974ರವರೆಗೆ ಕ್ಯೂಬಾದ ನಿರಾಶ್ರಿತರ ಕೇಂದ್ರವಾಗಿತ್ತು. ಜನ ಅದನ್ನು ‘ಫ್ರೀಡಮ್ ಟವರ್’ ಎಂದೇ ಕರೆದರು. ಎಂಟನೆಯ ಬೀದಿ ‘ಕಾಯೆ ಓಚೊ’ ಆಯಿತು. ಬೆಂಗಳೂರಿನಲ್ಲಿ ಊರಿನವರ, ಜಿಲ್ಲೆಯವರ ಸಂಘಗಳು ಇರುವಂತೆ ಅಲ್ಲಿ ಕ್ಯೂಬಾದ ಒಂದೊಂದು ಪುರಸಭೆಯ ಹೆಸರಿನಲ್ಲೂ ದೇಶಾಂತರಿಗಳ ಸಂಘಗಳು ಹುಟ್ಟಿಕೊಂಡವು. ಡಿಸೆಂಬರ್ 24ರ ರಾತ್ರಿಯ ಊಟದಲ್ಲಿ ಮುಂದಿನ ವರ್ಷ ಕ್ಯೂಬಾದಲ್ಲಿ ಎಂದು ಹಾರೈಸುವುದು ಮನೆಮನೆಯ ವಾಡಿಕೆಯಾಗಿತ್ತು.

1966ರ ನವೆಂಬರ್‌ನಲ್ಲಿ ಅಮೆರಿಕದ ಸರ್ಕಾರ ಈ ಅತಿಥಿಗಳು ಕಾಯಂ ವಾಸದ ಪರವಾನಗಿ ಪಡೆಯಲು ದಾರಿ ಮಾಡುವ ಕಾಯ್ದೆಯನ್ನು ತಂದಿತು. ಸಾಮಾನ್ಯ ಕುಟುಂಬಕ್ಕೆ ಅದು ನೆಮ್ಮದಿ. ಆದರೆ ಮರಳಿ ಹೋಗುವೆನೆಂಬುದೇ ತನ್ನ ಇಡೀ ರಾಜಕೀಯವಾಗಿದ್ದವನ ಮುಂದೆ ಅದು ದೊಡ್ಡ ಪ್ರಶ್ನೆಯನ್ನು ಇಟ್ಟಿತು. ನೀವು ಬರೆಯುವ ವ್ಯಕ್ತಿ ಆ ಅರ್ಜಿಯನ್ನು ಹಾಕಿದರೇ ಇಲ್ಲವೇ ಎಂಬುದನ್ನು ದಾಖಲೆಗಳಲ್ಲಿ ಹುಡುಕುವುದು ಅವರ ಹತ್ತು ಭಾಷಣಗಳನ್ನು ಓದುವುದಕ್ಕಿಂತ ಉಪಯುಕ್ತ.

ಸಾವು, ಮತ್ತು ಎಲ್ಲಿ ನಿಲ್ಲಿಸಬೇಕು

ಪ್ರೀಯೊ ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಇಂಥ ಸಾವನ್ನು ಬರೆಯುವಾಗ ವಿಧಾನದ ವಿವರ ಬೇಡ, ಒಂದೇ ಕಾರಣವನ್ನು ಹೊರಿಸುವುದೂ ಬೇಡ. ದೇಶದ ಕೊರಗು, ವ್ಯವಹಾರದ ತೊಂದರೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸತ್ತವರ ಮನಸ್ಸಿನೊಳಗೆ ಹೊಕ್ಕು ನೋಡಿದವರು ಯಾರೂ ಇಲ್ಲ. ಕೆನಡಿ ಹತ್ಯೆಯ ಮರುತನಿಖೆಗೆ ಅಮೆರಿಕದ ಸಂಸತ್ತಿನ ಕೆಳಮನೆ 1976ರಲ್ಲಿ ನೇಮಿಸಿದ್ದ ಸಮಿತಿ ಆಗ ಕೆಲಸ ಮಾಡುತ್ತಿದ್ದುದರಿಂದ ಈ ಸಾವಿನ ಸುತ್ತ ಊಹಾಪೋಹಗಳೂ ಬೆಳೆದಿವೆ. ಅವನ್ನು ಎಷ್ಟೇ ರೋಚಕವೆನಿಸಿದರೂ ಕೈಬಿಡಿ.

ಇನ್ನೊಂದು ಆಮಿಷದ ಬಗ್ಗೆ ಹೇಳಲೇಬೇಕು. 1930ರಲ್ಲಿ ಹವಾನಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಂಡಳಿಯ ನಾಯಕರಲ್ಲೊಬ್ಬರಾಗಿ ಪ್ರೀಯೊ ಹೋರಾಡಿದ್ದು ಸರ್ವಾಧಿಕಾರಿ ಮಾಚಾದೊ ವಿರುದ್ಧ. ಆ ಮಾಚಾದೊ 1939ರಲ್ಲಿ ಮಯಾಮಿ ಬೀಚ್‌ನಲ್ಲಿ ತೀರಿಕೊಂಡು ಮಯಾಮಿಯ ವುಡ್‌ಲಾನ್ ಪಾರ್ಕ್ ಸ್ಮಶಾನದಲ್ಲಿ ಮಣ್ಣಾದರು. ಪ್ರೀಯೊ ಅವರ ಸಮಾಧಿ ಇರುವುದೂ ಅದೇ ಸ್ಮಶಾನದಲ್ಲಿ. ಇದನ್ನು ಕಂಡುಕೊಂಡ ದಿನ ನಾನು ಲೇಖನವನ್ನು ಈ ಸಂಗತಿಯಿಂದಲೇ ಮುಗಿಸಬೇಕೆಂದು ನಿರ್ಧರಿಸಿದ್ದೆ. ಬರೆದು ನೋಡಿದಾಗ, ಇಬ್ಬರ ಬದುಕೂ ಒಂದೇ ಎಂದು ಹೇಳಿದಂತೆ ಕೇಳಿಸಿತು, ಮತ್ತು ಅದು ನಿಜವಲ್ಲ. ಹಾಗಾಗಿ ಆ ಸಂಗತಿಯನ್ನು ಎತ್ತಿ ಮೊದಲ ಅಧ್ಯಾಯಕ್ಕೆ, 1930ರ ವಿದ್ಯಾರ್ಥಿ ಹೋರಾಟದ ಪಕ್ಕಕ್ಕೆ ತಂದಿಟ್ಟೆ. ಅಲ್ಲಿ ಅದು ಮುಂದೆ ಬರಲಿರುವ ದಾರಿಯ ಉದ್ದವನ್ನು ತೋರಿಸುವ ಕೆಲಸ ಮಾಡುತ್ತದೆ. ನನ್ನ ಬರಹದ ಕೊನೆಯ ವಾಕ್ಯದಲ್ಲಿ ಉಳಿದದ್ದು 1977ರ ಏಪ್ರಿಲ್ 5 ಎಂಬ ದಿನಾಂಕ, ಮಯಾಮಿ ಬೀಚ್ ಎಂಬ ಊರು ಮತ್ತು 73 ಎಂಬ ವಯಸ್ಸು.